ಡ್ರೈವರ್ ಕೈಯಲ್ಲಿರುವ ಪ್ಯಾಕೆಟ್ ನೋಡುವ ಬಗೆ

ದಾವಣಗೆರೆಯ ಒಂದು ಕಂಪ್ಯೂಟರ್ ಹದಿನಾಲ್ಕು ಕಿಲೋಮೀಟರ್ ಆಚೆ ಹರಿಹರದಲ್ಲಿರುವ ಇನ್ನೊಂದಕ್ಕೆ ಮಾಹಿತಿ ಕಳಿಸುತ್ತಿದೆ ಎಂದುಕೊಳ್ಳಿ. ಕಳಿಸಿದ್ದೇನೆ ಅನ್ನುತ್ತದೆ ದಾವಣಗೆರೆ. ಬಂದೇ ಇಲ್ಲ ಅನ್ನುತ್ತದೆ ಹರಿಹರ. ಎರಡೂ ಕಡೆ, ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ಟಿಸಿಪಿಡಂಪ್ ಹಚ್ಚಿ ನೋಡಿದರೆ ಎರಡು ಮಾತೂ ನಿಜ. ಇಲ್ಲಿನ ಪರದೆಯ ಮೇಲೆ ಪ್ಯಾಕೆಟ್ ಹೊರಟಿದ್ದು ಕಾಣುತ್ತದೆ, ಅಲ್ಲಿನ ಪರದೆ ಖಾಲಿ. ಕೇಬಲ್ ಬದಲಿಸಿ, ಸ್ವಿಚ್ಚಿನ ಪೋರ್ಟ್ ಬದಲಿಸಿ, ಮಷೀನ್ ರೀಸ್ಟಾರ್ಟ್ ಮಾಡಿ ಸೋತ ಮೇಲೆ ಉಳಿಯುವ ಪ್ರಶ್ನೆ ಒಂದೇ: ಪ್ಯಾಕೆಟ್ ಎಲ್ಲಿ ತನಕ ಹೋಗಿತ್ತು?

ಈ ಪ್ರಶ್ನೆಗೆ ಟಿಸಿಪಿಡಂಪ್ ಪೂರ್ತಿ ಉತ್ತರ ಕೊಡಲಾರದು. ಅದು ನೋಡುವ ಜಾಗವೇ ಬೇರೆ. ಲಿನಕ್ಸ್‌ನಲ್ಲಿ ಹೊರಹೋಗುವ ಪ್ಯಾಕೆಟ್ಟಿನ ಪ್ರತಿಯನ್ನು ಡ್ರೈವರ್‌ಗೆ ಒಪ್ಪಿಸುವ ಸ್ವಲ್ಪ ಮುಂಚೆ ತೆಗೆದುಕೊಳ್ಳಲಾಗುತ್ತದೆ. ಒಳಬರುವ ಪ್ಯಾಕೆಟ್ಟಿನ ಪ್ರತಿಯನ್ನು ಡ್ರೈವರ್ ತನ್ನ ಕೆಲಸ ಮುಗಿಸಿ ಮೇಲಕ್ಕೆ ಕೊಟ್ಟ ನಂತರ. ಅಂದರೆ 'ಹೊರಟಿತು' ಎಂದು ಟಿಸಿಪಿಡಂಪ್ ಹೇಳಿದರೆ, ಡ್ರೈವರ್‌ನ ಬಾಗಿಲ ತನಕ ಹೋಯಿತು ಎಂದಷ್ಟೇ ಅರ್ಥ. ಬಾಗಿಲ ಒಳಗೆ ಏನಾಯಿತು, ಡ್ರೈವರ್ ಆ ಬೈಟ್‌ಗಳನ್ನು ಏನು ಮಾಡಿತು, ನೆಟ್‌ವರ್ಕ್ ಕಾರ್ಡ್‌ಗೆ ಯಾವ ವಿಳಾಸ ಕೊಟ್ಟಿತು, ಕಾರ್ಡ್ 'ಮುಗಿಯಿತು' ಎಂದು ಗುರುತು ಹಾಕಿತೇ ಇಲ್ಲವೇ, ಇದೆಲ್ಲ ಕರ್ನಲ್‌ನ ಮೆಮೊರಿಯಲ್ಲಿ ನಡೆಯುವ ಕೆಲಸ. ಅದನ್ನು ನೋಡಲು ಕರ್ನಲ್ ಡಿಬಗರ್ ಬೇಕು, ಅಥವಾ ಅದರ ಒಡಹುಟ್ಟಿದ ಸಾಧನಗಳು ಬೇಕು. ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಈ ಸಾಧನಗಳು ಹೇಗೆ ಬೆಳೆದವು, ಯಾವುದು ಎಲ್ಲಿ ಒದಗುತ್ತದೆ, ಕರ್ನಾಟಕದ ಕೈ ಅದರಲ್ಲಿ ಎಷ್ಟಿದೆ ಎಂದು ಒಮ್ಮೆ ಕೂಡಿಸಿ ನೋಡುವುದು ಈ ಲೇಖನದ ಉದ್ದೇಶ.

ಮೊದಲು ಪ್ಯಾಕೆಟ್ ಕರ್ನಲ್‌ನೊಳಗೆ ಯಾವ ರೂಪದಲ್ಲಿ ಇರುತ್ತದೆ ಎಂಬುದು. ಲಿನಕ್ಸ್ ಅದನ್ನು ಎಸ್‌ಕೆ-ಬಫ್ ಎಂಬ ರಚನೆಯಲ್ಲಿ ಹಿಡಿದಿಡುತ್ತದೆ. ಟ್ರಾನ್ಸ್‌ಪೋರ್ಟ್ ಆಫೀಸಿನ ಎಲ್‌ಆರ್ ಚೀಟಿಯನ್ನು ನೆನೆಸಿಕೊಂಡರೆ ಸಾಕು: ಚೀಟಿ ಬೇರೆ, ಮೂಟೆ ಬೇರೆ. ಎಸ್‌ಕೆ-ಬಫ್ ಎಂಬ ಚೀಟಿಯಲ್ಲಿ ಮೂಟೆ ಎಲ್ಲಿದೆ, ಎಷ್ಟು ಉದ್ದ, ಯಾವ ಸಾಧನದಿಂದ ಬಂತು, ಯಾವ ಪ್ರೋಟೋಕಾಲ್, ಚೆಕ್‌ಸಮ್ ಪರೀಕ್ಷೆ ಆಗಿದೆಯೇ ಎಂಬ ವಿವರಗಳಿರುತ್ತವೆ. ಬೈಟ್‌ಗಳು ಬೇರೊಂದು ಜಾಗದಲ್ಲಿ. ಆ ಜಾಗಕ್ಕೆ ನಾಲ್ಕು ಗಡಿಗುರುತು: ಹೆಡ್, ಡೇಟಾ, ಟೇಲ್, ಎಂಡ್. ಹೆಡ್‌ನಿಂದ ಡೇಟಾವರೆಗಿನ ಖಾಲಿ ಜಾಗ ಮುಂದೆ ಸೇರಿಸಬೇಕಾದ ಹೆಡರ್‌ಗಳಿಗೆ ಮೀಸಲು. ಐಪಿ ಪದರ ತನ್ನ ಹೆಡರ್ ಸೇರಿಸುವಾಗ ಬೈಟ್‌ಗಳನ್ನು ನಕಲು ಮಾಡುವುದಿಲ್ಲ, ಡೇಟಾ ಗುರುತನ್ನು ಹಿಂದಕ್ಕೆ ಸರಿಸಿ ಅಲ್ಲಿ ಬರೆಯುತ್ತದೆ. ಡ್ರೈವರ್ ದೋಷಗಳಲ್ಲಿ ದೊಡ್ಡ ಪಾಲು ಈ ಚೀಟಿ ಮತ್ತು ಮೂಟೆಯ ನಡುವಿನ ತಾಳಮೇಳ ತಪ್ಪುವುದರಿಂದಲೇ ಹುಟ್ಟುತ್ತದೆ. ಟಿಸಿಪಿಡಂಪ್ ಮುಖ್ಯವಾಗಿ ಮೂಟೆಯನ್ನು ತೋರಿಸುತ್ತದೆ. ಡಿಬಗರ್ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸುತ್ತದೆ. ಡಿಬಗರ್‌ನ ನಿಜವಾದ ಬೆಲೆ ಇರುವುದು ಇಲ್ಲಿ.

ಇದನ್ನು ಕಣ್ಣಾರೆ ನೋಡಲು ದುಬಾರಿ ಯಂತ್ರ ಏನೂ ಬೇಡ. ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಕ್ಯೂಎಮು ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಅದು ಇಂಟೆಲ್‌ನ ಹಳೆಯ ಇ1000 ಕಾರ್ಡ್ ಇರುವ ಪೂರ್ಣ ಕಂಪ್ಯೂಟರೊಂದನ್ನು ಅನುಕರಿಸುತ್ತದೆ. ಶುರು ಮಾಡುವಾಗ ಒಂದೆರಡು ಆಯ್ಕೆ ಸೇರಿಸಿದರೆ 1234ನೇ ಪೋರ್ಟ್‌ನಲ್ಲಿ ಜಿಡಿಬಿ ಎಂಬ ಡಿಬಗರ್ ಬರಲಿ ಎಂದು ಕಾಯುತ್ತದೆ. ಡಿಬಗ್ ಮಾಹಿತಿ ಸಮೇತ ಕಟ್ಟಿದ ಕರ್ನಲ್, ವಿಳಾಸಗಳನ್ನು ಪ್ರತಿ ಬೂಟ್‌ಗೂ ಕಲಕುವ ಕೆಎಎಸ್‌ಎಲ್‌ಆರ್ ಬಂದ್ ಮಾಡಿದ ಬೂಟ್ ಸಾಲು, ಇಷ್ಟಿದ್ದರೆ ಆಯಿತು. ಇ1000 ಡ್ರೈವರ್‌ನಲ್ಲಿ ಪ್ಯಾಕೆಟ್ ಕಳಿಸುವ ಫಂಕ್ಷನ್‌ನ ಹೆಸರು 'ಇ1000 ಎಕ್ಸ್‌ಮಿಟ್ ಫ್ರೇಮ್'. ಅದರ ಮೇಲೆ ಬ್ರೇಕ್‌ಪಾಯಿಂಟ್ ಹಾಕಿ, ಒಳಗಿನ ಕಂಪ್ಯೂಟರ್‌ನಿಂದ ಗೇಟ್‌ವೇಗೆ ಒಂದು ಪಿಂಗ್ ಕೊಟ್ಟರೆ, ಪಿಂಗ್‌ಗೂ ಮುಂಚೆ, ಗೇಟ್‌ವೇಯ ಕಾರ್ಡ್ ವಿಳಾಸ ಕೇಳುವ ಎಆರ್‌ಪಿ ಕೋರಿಕೆ ಬಂದು ಅಲ್ಲಿ ನಿಲ್ಲುತ್ತದೆ. ಮೊದಲ ಆರ್ಗ್ಯುಮೆಂಟೇ ಎಸ್‌ಕೆ-ಬಫ್. ಅದರ ಉದ್ದ ಕೇಳಿದರೆ 42 ಎನ್ನುತ್ತದೆ.

ಡೇಟಾ ಗುರುತಿನಿಂದ ಆ 42 ಬೈಟ್‌ಗಳನ್ನು ಹೆಕ್ಸ್‌ನಲ್ಲಿ ಓದಿದಾಗ ಮೊದಲ ಆರು ಬೈಟ್ ಎಲ್ಲವೂ 'ಎಫ್‌ಎಫ್', ಅಂದರೆ ಊರಿಗೆಲ್ಲ ಕೂಗುವ ಬ್ರಾಡ್‌ಕಾಸ್ಟ್ ವಿಳಾಸ. ಮುಂದಿನ ಆರು 52 54 00 12 34 56. ಇದು ಕ್ಯೂಎಮು ತಾನಾಗಿ ಕೊಡುವ ಕಾರ್ಡ್ ವಿಳಾಸ. ಆಮೇಲೆ 08 06, ಇದು ಎಆರ್‌ಪಿ ಎಂಬುದರ ಗುರುತು. ನಂತರ 00 01 ಎಂದರೆ ಈಥರ್ನೆಟ್, 08 00 ಎಂದರೆ ಐಪಿ, 06 ಮತ್ತು 04 ಎಂದರೆ ಎರಡೂ ವಿಳಾಸಗಳ ಉದ್ದ, 00 01 ಎಂದರೆ ಇದು ಕೋರಿಕೆ, ಉತ್ತರ ಅಲ್ಲ. ಅದರ ಹಿಂದೆ ಕಳಿಸಿದವರ ಎರಡು ವಿಳಾಸ, ಆಮೇಲೆ ಆರು ಸೊನ್ನೆ (ಕೇಳುತ್ತಿರುವುದೇ ಅದನ್ನು), ಕೊನೆಗೆ 10.0.2.2 ಎಂಬ ಗೇಟ್‌ವೇ. ಪುಸ್ತಕದಲ್ಲಿ ಚೌಕ ಹಾಕಿ ತೋರಿಸುವ ಹೆಡರ್ ಚಿತ್ರ ಇಲ್ಲಿ ಜೀವಂತ ಮೆಮೊರಿಯಲ್ಲಿ, ಒಂದು ಬೈಟ್ ಅತ್ತಿತ್ತ ಆಗದೆ ಕೂತಿರುತ್ತದೆ.

ಈಗ ಕೆಲವು ಸಾಲು ಮುಂದೆ ಹೋಗಿ ಮತ್ತೆ ಉದ್ದ ಕೇಳಿದರೆ 42 ಇದ್ದದ್ದು 60 ಆಗಿರುತ್ತದೆ. ಈಥರ್ನೆಟ್ ಫ್ರೇಮ್ ಇಷ್ಟಕ್ಕಿಂತ ಚಿಕ್ಕದಿರಬಾರದು ಎಂಬ ನಿಯಮವಿದೆ. ಹಳೆಯ ಪಿಸಿಐ ಕಾರ್ಡ್‌ಗಳು ತಾವೇ ತುಂಬಿಸಲು ಹೋದರೆ ಪ್ಯಾಕೆಟ್ ಕೆಡುವ ಸಂಭವ ಇದ್ದುದರಿಂದ ಇ1000 ಡ್ರೈವರ್ 18 ಸೊನ್ನೆಗಳನ್ನು ತಾನೇ ಸೇರಿಸುತ್ತದೆ. ಕಳಿಸುವ ಕಡೆಯ ಟಿಸಿಪಿಡಂಪ್‌ಗೆ ಈ 18 ಬೈಟ್ ಕಾಣುವುದೇ ಇಲ್ಲ. ಅವು ಹುಟ್ಟುವುದು ಅದರ ಕಣ್ಣು ದಾಟಿದ ಮೇಲೆ.

ಹದಿನೆಂಟು ಸೊನ್ನೆಗಳ ಬಗ್ಗೆ ಇಷ್ಟೇಕೆ ಎನ್ನಬಾರದು. 2003ರ ಜನವರಿಯಲ್ಲಿ 'ಈಥರ್‌ಲೀಕ್' ಎಂಬ ಹೆಸರಿನಲ್ಲಿ ಬಯಲಾದ ದೋಷ ಇದೇ ಜಾಗದ್ದು. ಹಲವು ಕಾರ್ಯಾಚರಣಾ ವ್ಯವಸ್ಥೆಗಳ ಹಲವು ಡ್ರೈವರ್‌ಗಳು ಚಿಕ್ಕ ಪ್ಯಾಕೆಟ್ಟನ್ನು ಉದ್ದ ಮಾಡುವಾಗ ಸೊನ್ನೆ ತುಂಬುವ ಬದಲು, ಆ ಮೆಮೊರಿಯಲ್ಲಿ ಮುಂಚೆ ಏನಿತ್ತೋ ಅದನ್ನೇ ಕಳಿಸುತ್ತಿದ್ದವು. ಹಳೆಯ ಪ್ಯಾಕೆಟ್‌ಗಳ ತುಣುಕು, ಕರ್ನಲ್ ಮೆಮೊರಿಯ ಚೂರು ಪಕ್ಕದ ಕಂಪ್ಯೂಟರ್‌ಗೆ ಹೋಗುತ್ತಿತ್ತು. ಜಗತ್ತಿನ ಅಧಿಕೃತ ದುರ್ಬಲತೆಗಳ ಪಟ್ಟಿಯಲ್ಲಿ ಆ ವರ್ಷದ ಮೊದಲ ಸಂಖ್ಯೆಯೇ ಇದರದ್ದು.

ಡಿಬಗರ್‌ನಲ್ಲಿ ಪ್ಯಾಕೆಟ್ ಓದುವವರು ಎಡವುವ ಜಾಗಗಳು ಕೆಲವಿವೆ. ಅದೇ ಎಸ್‌ಕೆ-ಬಫ್‌ನ ಪ್ರೋಟೋಕಾಲ್ ಕ್ಷೇತ್ರವನ್ನು ಮುದ್ರಿಸಿದರೆ ಜಿಡಿಬಿ 1544 ಎನ್ನುತ್ತದೆ. ಎಆರ್‌ಪಿಯ ಸಂಖ್ಯೆ 2054 ಅಲ್ಲವೇ? ಎರಡೂ ಒಂದೇ. ನೆಟ್‌ವರ್ಕ್‌ನಲ್ಲಿ ದೊಡ್ಡ ಬೈಟ್ ಮೊದಲು, ಇಂಟೆಲ್ ಪ್ರೊಸೆಸರ್‌ನಲ್ಲಿ ಚಿಕ್ಕ ಬೈಟ್ ಮೊದಲು. 08 06 ಎಂಬುದನ್ನು ಪ್ರೊಸೆಸರ್ 06 08 ಎಂದು ಓದಿಕೊಂಡಿದೆ. ಎರಡನೆಯದು, ಉದ್ದ ಎಷ್ಟಿದೆಯೋ ಅಷ್ಟೂ ಬೈಟ್ ಡೇಟಾ ಗುರುತಿನ ಮುಂದೆ ಸಾಲಾಗಿ ಇದೆ ಎಂದು ನಂಬುವುದು. ದೊಡ್ಡ ಪ್ಯಾಕೆಟ್‌ಗಳ ತಲೆ ಮಾತ್ರ ಅಲ್ಲಿರುತ್ತದೆ, ಉಳಿದದ್ದು ಬೇರೆ ಬೇರೆ ಮೆಮೊರಿ ಪುಟಗಳಲ್ಲಿ ಹರಡಿರುತ್ತದೆ. ಒಟ್ಟು ಉದ್ದದಿಂದ ಪುಟಗಳಲ್ಲಿರುವ ಉದ್ದವನ್ನು ಕಳೆದು, ಉಳಿದಷ್ಟನ್ನೇ ಮೊದಲ ಜಾಗದಲ್ಲಿ ಓದಬೇಕು. ಅದನ್ನು ಮರೆತವರು ಯಾವುದೋ ಕಸವನ್ನು ಓದಿ ಪ್ಯಾಕೆಟ್ ಕೆಟ್ಟಿದೆ ಎಂದು ತೀರ್ಮಾನಿಸುತ್ತಾರೆ.

ಚೆಕ್‌ಸಮ್ ತಪ್ಪಾಗಿ ಕಂಡರೂ ಗಾಬರಿ ಬೇಡ. ಈಗಿನ ಕಾರ್ಡ್‌ಗಳು ಆ ಲೆಕ್ಕವನ್ನು ತಾವೇ ಮಾಡುತ್ತವೆ, ಡ್ರೈವರ್‌ನಲ್ಲಿ ನೋಡುವಾಗ ಅದಿನ್ನೂ ಅರ್ಧ ಲೆಕ್ಕ. ಆದರೆ ಸ್ಲ್ಯಾಬ್ ಡಿಬಗ್ ಆನ್ ಮಾಡಿದ ಕರ್ನಲ್‌ನಲ್ಲಿ ಬೈಟ್‌ಗಳ ಜಾಗದಲ್ಲಿ 6ಬಿ 6ಬಿ 6ಬಿ ಎಂದು ಸಾಲುಸಾಲಾಗಿ ಕಂಡರೆ ಗಾಬರಿಯಾಗಬೇಕು. ಬಿಡುಗಡೆಯಾದ ಮೆಮೊರಿಗೆ ಕರ್ನಲ್ ಬಳಿಯುವ ಬಣ್ಣ ಅದು. ಡ್ರೈವರ್ ಯಾವಾಗಲೋ ಬಿಟ್ಟುಕೊಟ್ಟ ಪ್ಯಾಕೆಟ್ಟನ್ನು ಇನ್ನೂ ತನ್ನದೆಂದು ಹಿಡಿದುಕೊಂಡಿದೆ.

ಇನ್ನು ಕಾರ್ಡ್ ಮತ್ತು ಡ್ರೈವರ್ ನಡುವಿನ ವ್ಯವಹಾರ. ಇಬ್ಬರೂ ಮೆಮೊರಿಯಲ್ಲಿ ಒಂದು ಉಂಗುರದಂಥ ಪಟ್ಟಿ ಇಟ್ಟುಕೊಂಡಿರುತ್ತಾರೆ. ಇ1000ದಲ್ಲಿ ಅದರ ಪ್ರತಿ ನಮೂದು 16 ಬೈಟ್: ಬಫರ್‌ನ ವಿಳಾಸ, ಉದ್ದ, ಸ್ಥಿತಿ. ಸ್ಥಿತಿಯ ಒಂದು ಬಿಟ್ಟನ್ನು ಕಾರ್ಡ್ 1 ಮಾಡಿದರೆ 'ಇದು ನನ್ನ ಕಡೆಯಿಂದ ಮುಗಿಯಿತು' ಎಂದರ್ಥ. ಪ್ಯಾಕೆಟ್ ಹೋಗಲಿಲ್ಲ ಎಂಬ ದೂರಿಗೆ ಕೊನೆಯ ಸಾಕ್ಷಿ ಈ ಬಿಟ್. ಅದು 1 ಆಗಿದ್ದರೆ ತಪ್ಪನ್ನು ಕಾರ್ಡ್‌ನಾಚೆ ಹುಡುಕಬೇಕು, ಆಗಿಲ್ಲದಿದ್ದರೆ ಈಚೆ. ಈ ಒಂದು ಬಿಟ್ಟಿನ ಮೇಲೆ ಎಷ್ಟೋ ದಿನಗಳ ಹುಡುಕಾಟ ಉಳಿಯುತ್ತದೆ.

ವಿಂಡೋಸ್‌ನಲ್ಲಿಯೂ ಹೆಚ್ಚುಕಡಿಮೆ ಇದೇ ಕಥೆ, ಹೆಸರುಗಳು ಬೇರೆ. ವಿಸ್ಟಾ ಕಾಲದ ಎನ್‌ಡಿಐಎಸ್ 6ರಿಂದ ಪ್ಯಾಕೆಟ್ಟನ್ನು ನೆಟ್ ಬಫರ್ ಲಿಸ್ಟ್, ಅದರೊಳಗೆ ನೆಟ್ ಬಫರ್, ಅದರೊಳಗೆ ಎಂಡಿಎಲ್ ಎಂಬ ಮೂರು ಪದರಗಳಲ್ಲಿ ಹುಡುಕಬೇಕು. ವಿಂಡಿಬಿಜಿ ಡಿಬಗರ್‌ನ ಎನ್‌ಡಿಐಎಸ್‌ಕೆಡಿ ಎಂಬ ವಿಸ್ತರಣೆ ಈ ಪದರಗಳನ್ನು ಬಿಡಿಸಿ ತೋರಿಸುತ್ತದೆ, ಯಾವ ಡ್ರೈವರ್ ಎಷ್ಟು ಪ್ಯಾಕೆಟ್‌ಗಳನ್ನು ವಾಪಸ್ ಕೊಡದೆ ಇಟ್ಟುಕೊಂಡಿದೆ ಎಂಬುದನ್ನೂ ಹೇಳುತ್ತದೆ. ಈ ಒಂದು ವಿಷಯದಲ್ಲಿ ಅದು ಲಿನಕ್ಸ್ ಸಾಧನಗಳಿಗಿಂತ ಹೆಚ್ಚು ಅನುಕೂಲ. ವಿಂಡೋಸ್ 8ರಿಂದ ಡಿಬಗರ್ ಸಂಪರ್ಕವೇ ನೆಟ್‌ವರ್ಕ್ ಮೂಲಕ ಆಗಬಹುದು. ಆದರೆ ಆಗ ಕಾರ್ಡ್ ಡಿಬಗರ್‌ನ ವಶಕ್ಕೆ ಹೋಗುತ್ತದೆ. ಪರೀಕ್ಷಿಸಬೇಕಾದ್ದು ಅದೇ ಕಾರ್ಡ್‌ನ ಡ್ರೈವರ್ ಆಗಿದ್ದರೆ ಇನ್ನೊಂದು ದಾರಿ ಹುಡುಕಬೇಕು.

ಲಿನಕ್ಸ್‌ನಲ್ಲಿ ಡಿಬಗರ್‌ಗೆ ಒಳಗೆ ಜಾಗ ಸಿಗಲು ಬಹಳ ವರ್ಷ ಹಿಡಿಯಿತು. 2000ದ ಸೆಪ್ಟೆಂಬರ್‌ನಲ್ಲಿ ಲಿನಸ್ ಟೋರ್ವಾಲ್ಡ್ಸ್ ಕರ್ನಲ್‌ಗೆ ಡಿಬಗರ್ ಸೇರಿಸುವುದನ್ನು ಖಡಾಖಂಡಿತವಾಗಿ ವಿರೋಧಿಸಿದ್ದರು. ಕೋಡ್ ಓದಿ ಅರ್ಥ ಮಾಡಿಕೊಳ್ಳುವ ಬದಲು ಜನ ಲಕ್ಷಣಕ್ಕೆ ತೇಪೆ ಹಾಕುತ್ತಾರೆ ಎಂಬುದು ಅವರ ಆತಂಕ. ಕರ್ನಲ್‌ನ ಹೊರಗೇ ಕೆಜಿಡಿಬಿ ಎಂಬ ಕರ್ನಲ್ ಡಿಬಗರನ್ನು ಪ್ಯಾಚ್ ರೂಪದಲ್ಲಿ ಜೀವಂತ ಇಟ್ಟವರಲ್ಲಿ ಪುಣೆಯ ಅಮಿತ್ ಕಾಳೆ ಮುಖ್ಯರು. ಕೊನೆಗೆ 2008ರಲ್ಲಿ 2.6.26ನೇ ಆವೃತ್ತಿಗೆ ಕೆಜಿಡಿಬಿ, 2010ರಲ್ಲಿ 2.6.35ಕ್ಕೆ ಕೆಡಿಬಿ ಎಂಬ ಇನ್ನೊಂದು ಡಿಬಗರ್ ಸೇರಿದವು. ಲಿನಸ್ ಅವರ ಆತಂಕದಲ್ಲಿ ಹುರುಳಿಲ್ಲದಿಲ್ಲ. ಆದರೆ ಡ್ರೈವರ್‌ನ ವಿಷಯಕ್ಕೆ ಬಂದರೆ ಕೋಡ್ ಓದುವುದು ಸಾಲುವುದಿಲ್ಲ, ಏಕೆಂದರೆ ಇಲ್ಲಿ ಇನ್ನೊಂದು ಪಕ್ಷ ಹಾರ್ಡ್‌ವೇರ್. ಅದರ ಮನಸ್ಸಿನಲ್ಲಿರುವುದು ಯಾವ ಕೋಡ್‌ನಲ್ಲೂ ಬರೆದಿರುವುದಿಲ್ಲ.

ನಿಲ್ಲಿಸಿ ನೋಡುವ ಡಿಬಗರ್‌ಗೆ ಒಂದು ದೊಡ್ಡ ಬೆಲೆಯಿದೆ. ಗಿಗಾಬಿಟ್ ಈಥರ್ನೆಟ್‌ನಲ್ಲಿ ಅತಿ ಚಿಕ್ಕ ಫ್ರೇಮ್‌ಗಳು ಒಂದರ ಹಿಂದೆ ಒಂದು ಬಂದರೆ ಸೆಕೆಂಡಿಗೆ ಸುಮಾರು 14.88 ಲಕ್ಷ. 256 ನಮೂದಿನ ಉಂಗುರ 172 ಮೈಕ್ರೊಸೆಕೆಂಡಿನಲ್ಲಿ ತುಂಬಿಹೋಗುತ್ತದೆ. ಮನುಷ್ಯ ಒಂದು ಸಾಲು ಓದುವಷ್ಟರಲ್ಲಿ ಲಕ್ಷಗಟ್ಟಲೆ ಪ್ಯಾಕೆಟ್ ಬಿದ್ದುಹೋಗಿರುತ್ತವೆ, ಆಚೆ ಬದಿಯ ಟಿಸಿಪಿ ಉತ್ತರ ಬರಲಿಲ್ಲವೆಂದು ಮತ್ತೆ ಮತ್ತೆ ಕಳಿಸುತ್ತಿರುತ್ತದೆ. ನೋಡಲು ಹೊರಟ ಪರಿಸ್ಥಿತಿಯೇ ಬದಲಾಗಿರುತ್ತದೆ. ಲ್ಯಾಬ್‌ನಲ್ಲಿ ಇದು ಸರಿ. ಬ್ಯಾಂಕಿನ ಸರ್ವರ್‌ನಲ್ಲಿ ಆಗದ ಮಾತು.

ನಿಲ್ಲಿಸದೆ ನೋಡುವ ಬಗೆ ಹೇಗೆ ಎಂಬ ಪ್ರಶ್ನೆಗೆ ಬಂದ ಮುಖ್ಯ ಉತ್ತರದಲ್ಲಿ ಬೆಂಗಳೂರಿನ ಪಾಲು ದೊಡ್ಡದು, ಈ ಸಂಗತಿ ಕನ್ನಡದಲ್ಲಿ ಹೆಚ್ಚು ಚರ್ಚೆಯಾಗಿಲ್ಲ. ಲಿನಕ್ಸ್ ಮೂಲದಲ್ಲಿ ಕೆಪ್ರೋಬ್ಸ್ ಎಂಬ ಕಡತವಿದೆ. ಅದರ ತಲೆಬರಹದಲ್ಲಿ ಐಬಿಎಂನ ಭಾರತ ವಿಳಾಸದ ಹೆಸರುಗಳಿವೆ: ಮೊದಲ ರೂಪ ಕೊಟ್ಟವರು ವಂಶಿ ಕೃಷ್ಣ, ಫಂಕ್ಷನ್‌ನ ಆರ್ಗ್ಯುಮೆಂಟ್‌ಗಳನ್ನು ನೋಡುವ 'ಜಂಪರ್ ಪ್ರೋಬ್' ಸೇರಿಸಿದವರು ಸುಪರ್ಣಾ ಭಟ್ಟಾಚಾರ್ಯ (2004ರ ಜುಲೈ), ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ತಿದ್ದಿ ಸುಧಾರಿಸಿದವರು ಪ್ರಸನ್ನ ಪಂಚಮುಖಿ. ಮುಂದೆ ಅದನ್ನು ನೋಡಿಕೊಂಡವರಲ್ಲಿ ಅನಂತ್ ಮಾವಿನಕಾಯನಹಳ್ಳಿ ಅವರೂ ಒಬ್ಬರು. 2004ರ ಅಕ್ಟೋಬರ್‌ನಲ್ಲಿ ಬಂದ 2.6.9ನೇ ಆವೃತ್ತಿಯಲ್ಲಿ ಇದು ಮುಖ್ಯ ಕರ್ನಲ್‌ಗೆ ಸೇರಿತು. ಲಿನಕ್ಸ್ ಬಳಸುವ ಜಗತ್ತಿನ ಯಾವ ಮೂಲೆಯಲ್ಲಿ ಈ ಕಡತ ತೆರೆದರೂ ಈ ಹೆಸರುಗಳು ಮೊದಲ ಪುಟದಲ್ಲೇ ಸಿಗುತ್ತವೆ.

ಕೆಪ್ರೋಬ್ ಕೆಲಸ ಮಾಡುವ ರೀತಿ ಸರಳ ಮತ್ತು ಧೈರ್ಯದ್ದು. ಇಂಟೆಲ್ ಯಂತ್ರದಲ್ಲಿ, ನೋಡಬೇಕಾದ ಸೂಚನೆಯ ಮೊದಲ ಬೈಟ್ ತೆಗೆದು ಅಲ್ಲಿ 'ಸಿಸಿ' ಎಂಬ ಒಂದು ಬೈಟ್ ಇಡುತ್ತದೆ. ಪ್ರೊಸೆಸರ್ ಅಲ್ಲಿಗೆ ಬಂದಾಗ ತಡೆಯಾಗಿ ಪ್ರೋಬ್‌ನ ಕೋಡ್ ಓಡುತ್ತದೆ, ಬೇಕಾದ್ದನ್ನು ಬರೆದುಕೊಳ್ಳುತ್ತದೆ, ಬೇರೆಡೆ ನಕಲಿಟ್ಟ ಮೂಲ ಸೂಚನೆಯನ್ನು ಓಡಿಸಿ ಮುಂದೆ ಬಿಡುತ್ತದೆ. ಮನುಷ್ಯನಿಗಾಗಿ ಯಾರೂ ಕಾಯುವುದಿಲ್ಲ. ಡ್ರೈವರ್‌ನ ಕಳಿಸುವ ಫಂಕ್ಷನ್‌ಗೆ ಎಸ್‌ಕೆ-ಬಫ್ ಆರ್ಗ್ಯುಮೆಂಟ್ ಆಗಿ ಬರುವುದರಿಂದ, ಪ್ರತಿ ಪ್ಯಾಕೆಟ್ಟಿನ ಚೀಟಿಯೂ ಮೂಟೆಯೂ ಅಲ್ಲಿಯೇ ಕೈಗೆ ಸಿಗುತ್ತವೆ. ಜಂಪರ್ ಪ್ರೋಬ್ 2018ರ ಹೊತ್ತಿಗೆ ಕರ್ನಲ್‌ನಿಂದ ಹೊರಹೋಯಿತು. ಅದಕ್ಕಿಂತ ಉತ್ತಮ ಮಾರ್ಗಗಳು ಬಂದಿದ್ದವು. ಕೆಪ್ರೋಬ್ ಮಾತ್ರ ಉಳಿದಿದೆ. 2005ರಲ್ಲಿ ಶುರುವಾದ ಸಿಸ್ಟಮ್‌ಟ್ಯಾಪ್ ಎಂಬ ಸಾಧನ ಅದರ ಮೇಲೆ ನಿಂತಿತು, ಇಂದಿನ ಇಬಿಪಿಎಫ್ ಸಾಧನಗಳಲ್ಲಿ ಹಲವು ಈಗಲೂ ಅದರ ಮೇಲೆ ನಿಂತಿವೆ.

ಸತ್ತ ಯಂತ್ರದೊಳಗೆ ನೋಡುವುದು ಹೇಗೆ ಎಂಬ ಪ್ರಶ್ನೆಗೂ ಉತ್ತರ ಬಂದಿದ್ದು ಬಹುಪಾಲು ಅದೇ ತಂಡದ ಸುತ್ತಮುತ್ತ. ಕರ್ನಲ್ ಕುಸಿದ ಕ್ಷಣದ ಮೆಮೊರಿಯನ್ನು ಉಳಿಸಿಕೊಳ್ಳುವ ಕೆಡಂಪ್ 2005ರಲ್ಲಿ 2.6.13ಕ್ಕೆ ಸೇರಿತು; ವಿವೇಕ್ ಗೋಯಲ್, ಹರಿಪ್ರಸಾದ್ ನೆಲ್ಲಿತೀರ್ಥ ಮುಂತಾದವರು ಅದರ ಹಿಂದೆ ಇದ್ದರು. ಕುಸಿದ ಕರ್ನಲ್‌ನ ಮಾತನ್ನು ನಂಬಲಾಗದು, ಆದ್ದರಿಂದ ಮೊದಲೇ ಕಾದಿರಿಸಿದ ಮೆಮೊರಿಯಲ್ಲಿ ಎರಡನೇ ಕರ್ನಲ್ ಎದ್ದು ಮೊದಲನೆಯದರ ಮೆಮೊರಿಯನ್ನು ಡಿಸ್ಕ್‌ಗೆ ಬರೆಯುತ್ತದೆ. ಆ ಕಡತವನ್ನು ಕ್ರ್ಯಾಶ್ ಎಂಬ ಸಾಧನದಲ್ಲಿ ತೆರೆದರೆ ಉಂಗುರದಲ್ಲಿದ್ದ ಕೊನೆಯ ಪ್ಯಾಕೆಟ್‌ಗಳು ಹಾಗೆಯೇ ಸಿಗುತ್ತವೆ. ಡ್ರೈವರ್ ದೋಷ ಹುಡುಕುವವರಿಗೆ ಇದಕ್ಕಿಂತ ನೆಮ್ಮದಿಯ ಸ್ಥಿತಿ ಇಲ್ಲ. ಇಲ್ಲಿ ಯಾರೂ ಅವಸರಿಸುವುದಿಲ್ಲ, ಒಂದು ವಾರ ಬೇಕಾದರೂ ಕೂತು ಓದಬಹುದು.

ಇಬಿಪಿಎಫ್‌ನ ಬೇರು 1993ರಲ್ಲಿ ಮೆಕ್ಯಾನ್ ಮತ್ತು ಜೇಕಬ್‌ಸನ್ ಪ್ರಕಟಿಸಿದ ಪ್ಯಾಕೆಟ್ ಸೋಸುವ ವಿಧಾನದಲ್ಲಿದೆ. ಟಿಸಿಪಿಡಂಪ್ ಅದನ್ನೇ ಬಳಸುತ್ತಿತ್ತು. 2014ರ ನಂತರ ಅದು ಕರ್ನಲ್‌ನೊಳಗೆ ಪರೀಕ್ಷೆ ಪಾಸಾದ ಪುಟ್ಟ ಪ್ರೋಗ್ರಾಂಗಳನ್ನು ಓಡಿಸುವ ವ್ಯವಸ್ಥೆಯಾಗಿ ಬೆಳೆಯಿತು. ದಿನನಿತ್ಯದ ಕೆಲಸಕ್ಕೆ ಅದಕ್ಕಿಂತ ಉಪಕಾರಿಯಾದ ಬದಲಾವಣೆ ಬಂದಿದ್ದು 2022ರ 5.17ನೇ ಆವೃತ್ತಿಯಲ್ಲಿ: ಕರ್ನಲ್ ಪ್ಯಾಕೆಟ್ಟನ್ನು ಬಿಸಾಡುವಾಗ ಕಾರಣವನ್ನೂ ಹೇಳತೊಡಗಿತು. ಚೆಕ್‌ಸಮ್ ಸರಿಯಿಲ್ಲ, ಕೇಳುವ ಸಾಕೆಟ್ ಇಲ್ಲ, ಫಿಲ್ಟರ್ ತಡೆಯಿತು, ಹೀಗೆ. ಆದರೂ ಕಾರ್ಡ್ ಮತ್ತು ಡ್ರೈವರ್ ನಡುವೆ, ಎಸ್‌ಕೆ-ಬಫ್ ಹುಟ್ಟುವ ಮುಂಚೆಯೇ ಸತ್ತ ಪ್ಯಾಕೆಟ್‌ಗೆ ಈ ಕಾರಣಪಟ್ಟಿ ಅನ್ವಯಿಸದು. ಅಲ್ಲಿ ಮತ್ತೆ ಉಂಗುರವನ್ನೇ ಓದಬೇಕು.

ಇಷ್ಟು ಆಳಕ್ಕೆ ಇಳಿಯುವುದು ನಿಜವಾಗಿಯೂ ಬೇಕೇ ಎನ್ನುವವರಿಗೆ ಮೂರು ಪ್ರಕರಣಗಳು.

2013ರ ಫೆಬ್ರುವರಿಯಲ್ಲಿ ಕ್ರಿಸ್ಟಿಯನ್ ಕೀಲ್‌ಹಾಫ್ನರ್ ಎಂಬ ಎಂಜಿನಿಯರ್ ಇಂಟೆಲ್‌ನ 82574ಎಲ್ ಕಾರ್ಡ್‌ಗಳು ಇದ್ದಕ್ಕಿದ್ದಂತೆ ನಿಂತುಹೋಗುವ ಕಾರಣ ಪ್ರಕಟಿಸಿದರು. ಪ್ಯಾಕೆಟ್ಟಿನ ಆರಂಭದಿಂದ 1151 ಬೈಟ್ ದೂರದ ಒಂದೇ ಬೈಟ್‌ನಲ್ಲಿ ಹೆಕ್ಸ್ 32 ಇದ್ದರೆ ಕಾರ್ಡ್ ಸಾಯುತ್ತಿತ್ತು. ಅದೇ ಜಾಗದಲ್ಲಿ 34 ಇರುವ ಪ್ಯಾಕೆಟ್ ಮೊದಲು ಬಂದರೆ ಆಮೇಲೆ ಏನೂ ಆಗುತ್ತಿರಲಿಲ್ಲ. ದೋಷ ಡ್ರೈವರ್‌ನದ್ದಲ್ಲ, ಒಂದು ಮದರ್‌ಬೋರ್ಡ್ ತಯಾರಕರು ಕಾರ್ಡ್‌ನ ಈಪ್ರಾಮ್‌ನಲ್ಲಿ ತಪ್ಪು ಮಾಹಿತಿ ತುಂಬಿದ್ದರು ಎಂದು ಇಂಟೆಲ್ ಹೇಳಿತು. ಇಂಟರ್ನೆಟ್ ಫೋನ್ ಕರೆಗಳ ಪ್ಯಾಕೆಟ್‌ಗಳನ್ನು ಒಂದೊಂದೇ ಬೈಟ್ ಬದಲಿಸಿ ಕಳಿಸಿ ಅವರು ಇಲ್ಲಿಗೆ ಬಂದು ಮುಟ್ಟಿದ್ದರು.

ಎರಡನೆಯದು ಮೂಟೆಯಲ್ಲ, ಚೀಟಿಯ ತಪ್ಪು. ಕಂಟೇನರ್‌ಗಳ ನಡುವೆ ಪ್ಯಾಕೆಟ್ ಸಾಗಿಸುವ ವೆಥ್ ಎಂಬ ವರ್ಚುವಲ್ ಡ್ರೈವರ್, ಹೊರಗಿನಿಂದ ಬಂದ ಪ್ಯಾಕೆಟ್ಟಿನ ಮೇಲೂ 'ಚೆಕ್‌ಸಮ್ ನೋಡುವುದು ಬೇಡ' ಎಂದು ಗುರುತು ಹಾಕುತ್ತಿತ್ತು. ದಾರಿಯಲ್ಲಿ ಕೆಟ್ಟ ಬೈಟ್‌ಗಳು ಯಾವ ತಡೆಯೂ ಇಲ್ಲದೆ ಪ್ರೋಗ್ರಾಂಗಳಿಗೆ ತಲುಪುತ್ತಿದ್ದವು. ವಿಜಯ್ ಪಾಂಡುರಂಗನ್ ಮತ್ತು ಸಂಗಡಿಗರು ಇದನ್ನು ಹಿಡಿದು, 2016ರ ಆರಂಭದಲ್ಲಿ ವಿವರವಾಗಿ ಬರೆದರು. ತಿದ್ದುಪಡಿ ಎಂದರೆ ಆ ಗುರುತು ಹಾಕುವ ಕೆಲವೇ ಸಾಲುಗಳನ್ನು ಅಳಿಸುವುದು.

ಮೂರನೆಯದು ಡಿಬಗ್ ಮಾಡುವವರೇ ನೆನಪಿಟ್ಟುಕೊಳ್ಳಬೇಕಾದ್ದು. 2008ರಲ್ಲಿ 2.6.27ನೇ ಆವೃತ್ತಿ ಸಿದ್ಧವಾಗುತ್ತಿದ್ದಾಗ ಇಂಟೆಲ್‌ನ ಇ1000ಇ ಕಾರ್ಡ್‌ಗಳು ಶಾಶ್ವತವಾಗಿ ಕೆಡತೊಡಗಿದವು, ಅವುಗಳ ಒಳಗಿನ ಸ್ಥಿರ ಮೆಮೊರಿ ಅಳಿಸಿಹೋಗುತ್ತಿತ್ತು. ಎಲ್ಲರೂ ಡ್ರೈವರ್ ಮೇಲೆ ಸಂಶಯಪಟ್ಟರು. ಕೊನೆಗೆ ಸಿಕ್ಕ ಮೂಲ ಕಾರಣ ಎಫ್‌ಟ್ರೇಸ್, ಅಂದರೆ ಕರ್ನಲ್‌ನ ಓಟವನ್ನು ಗಮನಿಸಲೆಂದೇ ಬರೆದ ಸಾಧನ. ಅದು ಬಿಡುಗಡೆಯಾದ ಕೋಡ್‌ನ ಜಾಗಕ್ಕೆ ಬರೆಯುತ್ತಿತ್ತು, ಅಷ್ಟರಲ್ಲಿ ಆ ವಿಳಾಸ ಕಾರ್ಡ್‌ನ ಮೆಮೊರಿಗೆ ಹಂಚಿಕೆಯಾಗಿತ್ತು. 2.6.27 ಹೊರಬಂದ ಕೆಲವೇ ದಿನಗಳಲ್ಲಿ, 2.6.27.1ರಲ್ಲಿ, ಎಫ್‌ಟ್ರೇಸ್‌ನ ಆ ಭಾಗವನ್ನು ಬಂದ್ ಮಾಡಿದರು.

ಹರಿಹರಕ್ಕೆ ಈ ವಿಷಯ ಇನ್ನೊಂದು ಬದಿಯಿಂದ ಹತ್ತಿರ. 1941ರಲ್ಲಿ ಅಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನ ಲೇತ್‌ಗಳು ದೇಶದ ಎಷ್ಟೋ ವರ್ಕ್‌ಶಾಪ್‌ಗಳಿಗೆ ಹೋದವು. ಕಾರ್ಖಾನೆ ಮುಚ್ಚಿ ಎರಡು ದಶಕದ ಮೇಲಾದರೂ ಲೇತ್ ಕೆಲಸದ ಕೈಗಳು ಹರಿಹರ, ದಾವಣಗೆರೆಯ ಸುತ್ತ ಇನ್ನೂ ಇವೆ. ಇಂದಿನ ಯಂತ್ರೋಪಕರಣದಲ್ಲಿ ಮೋಟರ್ ಮತ್ತು ನಿಯಂತ್ರಕದ ನಡುವೆ ಓಡುವುದು ಈಥರ್ನೆಟ್ ಪ್ಯಾಕೆಟ್. ಈಥರ್‌ಕ್ಯಾಟ್ ಎಂಬ ಪದ್ಧತಿಯಲ್ಲಿ ಮಿಲಿಸೆಕೆಂಡಿಗೊಮ್ಮೆ, ಕೆಲವೆಡೆ ಅದಕ್ಕಿಂತ ಬೇಗ, ಒಂದೇ ಫ್ರೇಮ್ ಎಲ್ಲ ಮೋಟರ್‌ಗಳನ್ನೂ ಹಾದು ಬರುತ್ತದೆ. ಲಿನಕ್ಸ್‌ಗೆಂದು ಇರುವ ಮುಕ್ತ ಈಥರ್‌ಕ್ಯಾಟ್ ಮಾಸ್ಟರ್ ವೇಗಕ್ಕಾಗಿ ಇ1000, ಆರ್8169 ಮುಂತಾದ ಡ್ರೈವರ್‌ಗಳ ಬದಲಾಯಿಸಿದ ಆವೃತ್ತಿಗಳನ್ನು ಬಳಸುತ್ತದೆ. ಅವು ಮಾಮೂಲಿ ನೆಟ್‌ವರ್ಕ್ ಪದರಗಳನ್ನು ಬಿಟ್ಟು ನೇರ ಮಾಸ್ಟರ್ ಜೊತೆ ಮಾತಾಡುತ್ತವೆ. ಹಾಗಾಗಿ ಟಿಸಿಪಿಡಂಪ್ ಹಚ್ಚಿದರೆ ಏನೂ ಕಾಣುವುದಿಲ್ಲ, ಪ್ರತ್ಯೇಕ ಡಿಬಗ್ ಇಂಟರ್ಫೇಸ್ ಕಟ್ಟಿಕೊಳ್ಳಬೇಕು ಅಥವಾ ಡ್ರೈವರ್‌ನೊಳಗೆ ಪ್ರೋಬ್ ಇಡಬೇಕು.

ಅಲ್ಲಿ ಬ್ರೇಕ್‌ಪಾಯಿಂಟ್ ಹಾಕುವುದು ಅಪಾಯ. ಈಥರ್‌ಕ್ಯಾಟ್ ಸಾಧನಗಳ ಕಾವಲು ಸಮಯ ಸಾಮಾನ್ಯವಾಗಿ 100 ಮಿಲಿಸೆಕೆಂಡ್. ಅಷ್ಟರೊಳಗೆ ಹೊಸ ಫ್ರೇಮ್ ಬರದಿದ್ದರೆ ಅವು ತಮ್ಮ ಔಟ್‌ಪುಟ್‌ಗಳನ್ನು ಸುರಕ್ಷಿತ ಸ್ಥಿತಿಗೆ ತರುತ್ತವೆ. ಕೆಲಸದ ಮಧ್ಯೆ ಕರ್ನಲ್ ನಿಲ್ಲಿಸಿದರೆ ಯಂತ್ರ ಅರ್ಧದಲ್ಲೇ ನಿಲ್ಲುತ್ತದೆ, ಚಕ್‌ನಲ್ಲಿ ಹಿಡಿದಿದ್ದ ಜಾಬ್ ಹಾಳು. ಹೀಗಾಗಿ ಈ ಕ್ಷೇತ್ರದಲ್ಲಿ ಒಂದೇ ದಾರಿ ಸರಿ: ಮೊದಲು ಮೇಜಿನ ಮೇಲೆ, ಮೋಟರ್‌ಗೆ ಲೋಡ್ ಇಲ್ಲದೆ, ಡಿಬಗರ್‌ನಲ್ಲಿ ಪ್ರತಿ ಬೈಟ್ ಓದಿ ನೋಡಬೇಕು, ಯಂತ್ರಕ್ಕೆ ಕಟ್ಟಿದ ಮೇಲೆ ಪ್ರೋಬ್ ಮತ್ತು ಕೌಂಟರ್‌ಗಳಷ್ಟೇ.

ಪ್ಯಾಕೆಟ್ ಡೇಟಾ ಎಂದರೆ ಯಾರದೋ ಡೇಟಾ ಎಂಬುದೂ ಇದೆ. ದಾವಣಗೆರೆ 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳ ಪಟ್ಟಿಯಲ್ಲಿ ಆಯ್ಕೆಯಾಯಿತು. ಆಸ್ಪತ್ರೆ, ಬ್ಯಾಂಕು, ಪಾಲಿಕೆ, ರಸ್ತೆಯ ಕ್ಯಾಮೆರಾ ಎಲ್ಲದರ ಮಾಹಿತಿಯೂ ಯಾವುದೋ ಡ್ರೈವರ್‌ನ ಉಂಗುರವನ್ನು ಹಾದೇ ಹೋಗಬೇಕು. ಕೆಡಂಪ್ ಕಡತವನ್ನು ಚಿಕ್ಕದು ಮಾಡುವ ಮೇಕ್‌ಡಂಪ್‌ಫೈಲ್ ಸಾಧನದಲ್ಲಿ 31ನೇ ಮಟ್ಟ ಆರಿಸಿದರೆ ಬಳಕೆದಾರರ ಪ್ರೋಗ್ರಾಂಗಳ ಮೆಮೊರಿ ಬಿಟ್ಟುಹೋಗುತ್ತದೆ, ನಿಜ. ಆದರೆ ಕರ್ನಲ್‌ನಲ್ಲಿದ್ದ ಪ್ಯಾಕೆಟ್ ಬಫರ್‌ಗಳು ಉಳಿಯುತ್ತವೆ, ಅವುಗಳಲ್ಲಿ ಗೂಢಲಿಪಿಯಿಲ್ಲದ ಹೆಸರು, ಫೋನ್ ಸಂಖ್ಯೆ ಇರಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ, ಇಂಥ ಕಡತವನ್ನು ಸಹಾಯ ಕೇಳಿ ಹೊರಗಿನ ಕಂಪನಿಗೆ ಇಮೇಲ್ ಮಾಡುವ ಅಭ್ಯಾಸವನ್ನು ಬಿಡಲೇಬೇಕು. ಹೆಡರ್‌ಗಳ ಮೊದಲ ಐವತ್ತು ಅರವತ್ತು ಬೈಟ್‌ಗಳಲ್ಲೇ ಬಹುತೇಕ ಡ್ರೈವರ್ ದೋಷಗಳ ಸುಳಿವು ಸಿಗುತ್ತದೆ. ಅದಕ್ಕಿಂತ ಹೆಚ್ಚು ಬರೆದುಕೊಳ್ಳುವ ಪ್ರೋಬ್‌ಗೆ ಕಾರಣ ಕೇಳುವುದು ನ್ಯಾಯ.

ಈ ವಿದ್ಯೆ ಕಲಿಯಲು ದಾವಣಗೆರೆಗೆ ಏನೂ ಕೊರತೆಯಿಲ್ಲ. 1951ರಲ್ಲಿ ಶುರುವಾದ ಬಿಡಿಟಿ ಕಾಲೇಜು (ಈಗ ವಿಟಿಯುವಿನ ಅಂಗ), 1979ರ ಬಾಪೂಜಿ ಎಂಜಿನಿಯರಿಂಗ್ ಕಾಲೇಜು, ಆಮೇಲೆ ಬಂದ ಇನ್ನೂ ಕೆಲವು, ಹೀಗೆ ಊರಿನ ತುಂಬ ಎಂಜಿನಿಯರಿಂಗ್ ವಿದ್ಯಾರ್ಥಿಗಳಿದ್ದಾರೆ. ಆದರೆ ವಿಟಿಯುವಿನ 2018ರ ಪಠ್ಯಕ್ರಮದ ನೆಟ್‌ವರ್ಕ್ ಪ್ರಯೋಗಾಲಯದಲ್ಲಿ ಎನ್‌ಎಸ್2 ಅಥವಾ ಎನ್‌ಎಸ್3 ಸಿಮ್ಯುಲೇಟರ್ ಮತ್ತು ಜಾವಾ ಪ್ರೋಗ್ರಾಂಗಳೇ ಮುಖ್ಯವಾಗಿದ್ದವು. ಅವುಗಳಿಂದ ದಟ್ಟಣೆಯ ಲೆಕ್ಕ ಅರ್ಥವಾಗುತ್ತದೆ, ರೌಟಿಂಗ್ ಅರ್ಥವಾಗುತ್ತದೆ. ಡ್ರೈವರ್ ಎಂಬುದು ಅಲ್ಲಿ ಇರಲೇ ಇಲ್ಲ. ವರ್ಕ್‌ಶಾಪ್‌ನಲ್ಲಿ ಲೇತ್ ಮುಟ್ಟದೆ ಮೆಕ್ಯಾನಿಕಲ್ ಎಂಜಿನಿಯರ್ ಹೊರಬರಬಾರದು ಎಂದು ಈ ಊರುಗಳು ಎಂದೋ ಒಪ್ಪಿಕೊಂಡಿವೆ. ಕರ್ನಲ್‌ನೊಳಗೆ ಒಂದು ಪ್ಯಾಕೆಟ್ಟನ್ನಾದರೂ ಕೈಯಾರೆ ಮುಟ್ಟದೆ ಕಂಪ್ಯೂಟರ್ ಎಂಜಿನಿಯರ್ ಹೊರಬರುತ್ತಿರುವುದು ಸರಿಯಲ್ಲ.

ಬದಲಾವಣೆಗೆ ಹೊಸ ಉಪಕರಣ ಖರೀದಿ ಬೇಡ, ಟೆಂಡರ್ ಬೇಡ. ಎಂಟು ಜಿಬಿ ಮೆಮೊರಿಯ ಲ್ಯಾಪ್‌ಟಾಪ್, ಕ್ಯೂಎಮು, ಜಿಡಿಬಿ, ಕರ್ನಲ್‌ನ ಮೂಲ ಸಾಕು. ಒಂದು ಅವಧಿಯಲ್ಲಿ ಮೇಲೆ ಹೇಳಿದ 42 ಬೈಟ್‌ಗಳ ಎಆರ್‌ಪಿ ಓದಿಸಿ, ಅದು 60 ಆಗುವುದನ್ನು ತೋರಿಸಬಹುದು. ಇನ್ನೊಂದರಲ್ಲಿ ಅದೇ ಫಂಕ್ಷನ್‌ಗೆ ಕೆಪ್ರೋಬ್ ಹಾಕಿಸಿ, ಯಂತ್ರ ನಿಲ್ಲದೆಯೂ ಅದೇ ಉದ್ದ ಹೇಗೆ ಸಿಗುತ್ತದೆ ಎಂದು ಹೋಲಿಸಬಹುದು. ಮೂರನೆಯದರಲ್ಲಿ ಡ್ರೈವರ್‌ನಲ್ಲಿ ಬೇಕೆಂದೇ ಒಂದು ತಪ್ಪು ಸೇರಿಸಿ, ಕರ್ನಲ್ ಕುಸಿಯುವಂತೆ ಮಾಡಿ, ಕೆಡಂಪ್ ಕಡತದಿಂದ ಆ ಸಾಲನ್ನು ವಿದ್ಯಾರ್ಥಿಗಳಿಂದಲೇ ಹುಡುಕಿಸಬಹುದು. ಮೂರನೆಯ ಅವಧಿಯ ಹೊತ್ತಿಗೆ ಕೆಪ್ರೋಬ್ಸ್ ಕಡತದ ತಲೆಬರಹವನ್ನೂ ಅವರಿಂದಲೇ ತೆರೆಸಿ ಓದಿಸಬೇಕು. ಅಲ್ಲಿರುವ ಹೆಸರುಗಳಲ್ಲಿ ಹೆಚ್ಚಿನವರು ಆ ಕೆಲಸ ಮಾಡಿದ್ದು ದಾವಣಗೆರೆಯ ಇದೇ ರೈಲು ಮಾರ್ಗದ ಇನ್ನೊಂದು ತುದಿಯಲ್ಲಿ, ಬೆಂಗಳೂರಿನಲ್ಲಿ.